ಯಾರ ಹೆಸರಿನ ಜೆರ್ಸಿ ಕೊಡಿಸ್ಲಿ? 27 ವರ್ಷದಿಂದ ಏಸ್ ಅಭಿಮಾನಿ ಆಗಿರೋನ ಗೋಳು

ಚಾಮರಾಜಪೇಟೆ_ಟು_ಫ್ರೀಮಾಂಟ್:

ಬೇಸ್‌ಬಾಲ್ ಅಂದ್ರೆ ಆಗದೋರು ಮುಂದಕ್ಕೆ ಹೋಗಿ, ಬೇಜಾರಿಲ್ಲ. ಆಗೋರು ಒಂದು ದಾರಿ ತೋರಿಸಿ. (ಏಸ್ ಅಂದ್ರೆ ಅಥ್ಲೆಟಿಕ್ಸ್, ನಮ್ಮ ಓಕ್ಲಂಡಿನ ಬೇಸ್‌ಬಾಲ್ ಟೀಮು.)

ಮಗಳಿಗೆ ಜನವರಿಲಿ ಹದಿಮೂರು ತುಂಬತ್ತೆ. ಏನು ಬೇಕು ಪುಟ್ಟಿ ಅಂದ್ರೆ "ಏಸ್ ಜೆರ್ಸಿ, ಬೆನ್ ಮೇಲೆ ಹೆಸರಿರೋದು" ಅಂದ್ಲು. ಯಾರ ಹೆಸರು ಅಂತ ಕೇಳಿದ್ದೇ ತಪ್ಪಾಯ್ತು. "ಮುಂದಿನ ವರ್ಷನೂ ಟೀಮಲ್ಲಿ ಇರೋರು ಯಾರು ಅಂತ ನೀನೇ ಹೇಳಪ್ಪ" ಅಂತಾಳೆ.

ಅವಳನ್ನ ಬೈಯೋ ಹಾಗಿಲ್ಲ. ಅವಳಿಗೆ ಮೇಸನ್ ಮಿಲ್ಲರ್ ಅಂದ್ರೆ ಪ್ರಾಣ. ಒಂಬತ್ತನೇ ಇನ್ನಿಂಗ್ಸ್‌ಗೆ ಬರ್ತಾನೆ, ಗಂಟೆಗೆ ನೂರು ಮೈಲಿ ದಾಟಿಸಿ ಎಸೀತಾನೆ, ಮೂರು ಜನರನ್ನ ವಾಪಸ್ ಕಳಿಸಿ ಹೋಗ್ತಾನೆ. 2024ರ ಸೆಪ್ಟೆಂಬರ್ 26ಕ್ಕೆ ಓಕ್ಲಂಡ್ ಕೋಲಿಸಿಯಂನಲ್ಲಿ ಕೊನೇ ಪಂದ್ಯ ಮುಗಿಸಿದ್ದೂ ಅವನೇ. ನಾವಿಬ್ರೂ ಅಲ್ಲೇ ಇದ್ವಿ, ಟೆಕ್ಸಸ್ ಮೇಲೆ 3-2. ಹತ್ತು ತಿಂಗಳು ಕಳೀತು, 2025ರ ಜುಲೈ 31, ಟ್ರೇಡ್ (ಟೀಮುಗಳು ಆಟಗಾರರನ್ನ ಅದಲುಬದಲು ಮಾಡೋದು) ಗಡುವಿನ ದಿನ, ಅವನನ್ನ ಸ್ಯಾನ್ ಡಿಯೇಗೊಗೆ ಕಳಿಸಿಬಿಟ್ರು. ಬದಲಿಗೆ ಬಂದಿದ್ದು ಲಿಯೊ ಡೆ ವ್ರೀಸ್ ಅನ್ನೋ ಹದಿನೆಂಟರ ಹುಡುಗ, ಜೊತೆಗೆ ಮೂರು ಪಿಚರ್‌ಗಳು (ಬಾಲ್ ಎಸೆಯೋರು).

ನನ್ನ ಕಥೆ ಇನ್ನೂ ಹಳೇದು. ಬೀರು ಕೆಳಗಿನ ಖಾನೆ ತೆಗೆದ್ರೆ ಹಡ್ಸನ್, ಮಲ್ಡರ್, ಝಿಟೊ, ಹೇರನ್, ಸೆಸ್ಪೆಡಿಸ್, ಡೊನಾಲ್ಡ್‌ಸನ್, ಓಲ್ಸನ್, ಚಾಪ್‌ಮನ್ ಜೆರ್ಸಿಗಳು. ಒಬ್ಬನೂ ಟೀಮಲ್ಲಿ ಉಳಿದಿಲ್ಲ. ಮನೆಯವಳು ಆ ಖಾನೆಗೆ "ಮಹಾಲಯ ಅಮಾವಾಸ್ಯೆ ಪಟ್ಟಿ" ಅಂತಾಳೆ. ಡೊನಾಲ್ಡ್‌ಸನ್ ಜೆರ್ಸಿ ತಗೊಂಡಿದ್ದು 2014ರ ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಬ್ಲ್ಯಾಕ್ ಫ್ರೈಡೇ, ಬೆಳಗಿನ ಚಳೀಲಿ ಕ್ಯೂ ನಿಂತು, ಅರ್ಧ ಬೆಲೆಗೆ. ಗೆದ್ದೆ ಅನ್ಕೊಂಡು ಮನೆಗೆ ಬಂದು ಕಾಫಿ ಕುಡಿದು ಸ್ವಲ್ಪ ಒರಗಿದ್ದೆ. ಅದೇ ದಿನ ಅವನನ್ನ ಟೊರೊಂಟೊಗೆ ಕೊಟ್ಟ ಸುದ್ದಿ ಬಂತು. ಬೆಲೆ ಚೀಟಿ ಇನ್ನೂ ಕಿತ್ತಿರ್ಲಿಲ್ಲ.

ಗಿಣಿ ಸಾಕಿ ಗಿಡುಗನ ಕೈಗೆ ಕೊಡೋದು ಅಂತಾರಲ್ಲ, ಅದನ್ನೇ ಕಸುಬು ಮಾಡ್ಕೊಂಡಿರೋ ಟೀಮು ಇದು. ಕೊನೆಗೆ ಊರನ್ನೇ ಟ್ರೇಡ್ ಮಾಡಿದ್ರು. ಈಗ ಸ್ಯಾಕ್ರಮೆಂಟೊ, 2028ಕ್ಕೆ ಲಾಸ್ ವೇಗಸ್ ಅಂತೆ.

ಹೇಳಿ, ಯಾರ ಹೆಸರು ಹಾಕಿಸ್ಲಿ?

---

ರೈಟ್‌ಫೀಲ್ಡ್_ರಾಘು:

ನಿಕ್ ಕರ್ಟ್ಸ್. ಯೋಚನೆನೇ ಬೇಡ. 2025ರ ಜುಲೈ 25ಕ್ಕೆ ಹ್ಯೂಸ್ಟನ್ ಮೇಲೆ ಆರು ಸಲ ಬ್ಯಾಟ್ ಹಿಡಿದು ಆರೂ ಹಿಟ್, ಅದ್ರಲ್ಲಿ ನಾಲ್ಕು ಹೋಮ್ ರನ್ (ಬಾಲ್ ಸೀದಾ ಬೇಲಿ ಆಚೆ). ವರ್ಷದ ಹೊಸಬ ಪ್ರಶಸ್ತಿನೂ ಅವನಿಗೇ ಬಂತು.

---

ಕುಡ್ಲದ_ಜೈಂಟ್:

ಎಂತ ಮಾರಾಯ್ರೆ ಇದು, 27 ವರ್ಷದಿಂದ ಅಳ್ತಾ ಇದ್ದೀರಿ! ಸೇತುವೆ ದಾಟಿ ಈಚೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಬನ್ನಿ. ನಮಗೆ 2010, 2012, 2014 ಮೂರು ಸಲ ಕಪ್, ಅಂದ್ರೆ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿ, ಬಂದುಂಟು. ಸಮುದ್ರದ ಪಕ್ಕ ಸ್ಟೇಡಿಯಂ, ಹೋಮ್ ರನ್ ಹೊಡೆದ್ರೆ ಬಾಲ್ ಸೀದಾ ನೀರಿಗೆ. ನಿಮ್ಮ ಝಿಟೊನೂ ನಮ್ಮಲ್ಲಿಗೇ ಬಂದದ್ದಲ್ವಾ?

---

ಚಾಮರಾಜಪೇಟೆ_ಟು_ಫ್ರೀಮಾಂಟ್:

@ಕುಡ್ಲದ_ಜೈಂಟ್ ಝಿಟೊಗೆ ನೀವು ಏಳು ವರ್ಷಕ್ಕೆ 126 ಮಿಲಿಯನ್ ಕೊಟ್ರಿ. ನಮ್ಮಲ್ಲಿ ಬಿತ್ತಿದ್ದು, ನಿಮ್ಮಲ್ಲಿ ಬಂದಿದ್ದು ಬರೀ ಹೊಟ್ಟು. ಆ ವಿಚಾರದಲ್ಲಿ ಮಾತ್ರ ನನಗೆ ಸ್ವಲ್ಪ ಖುಷಿ ಇದೆ, ಸುಳ್ಳು ಹೇಳಲ್ಲ.

---

ಕುಡ್ಲದ_ಜೈಂಟ್:

ಹೊಟ್ಟು ಅಂತೆ! 2012ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯ ನೆನಪುಂಟಾ? ಆಚೆ ಕಡೆ ದೊಡ್ಡ ಪಿಚರ್ ವರ್ಲ್ಯಾಂಡರ್, ಈಚೆ ಕಡೆ ಝಿಟೊ, ಗೆದ್ದದ್ದು ಝಿಟೊ. ನಮ್ಮ ಸ್ಯಾಂಡೊವಾಲ್ ಅವತ್ತು ಮೂರು ಹೋಮ್ ರನ್ ಬಾರಿಸಿದ್ದ ಅನ್ನೋದು ಬೇರೆ ಮಾತು 😄

---

ಬಸವನಗುಡಿ_ಬೌಲರ್:

ನಾನು ಬೆಂಗಳೂರಲ್ಲಿ ಕೂತಿರೋ ಕ್ರಿಕೆಟ್ ಪ್ರಾಣಿ, ದಾರಿ ತಪ್ಪಿ ಇಲ್ಲಿಗೆ ಬಂದೆ. ಒಂದೇ ಡೌಟು. ಆಟಗಾರನ್ನ ಹಿಂಗೆ ಎತ್ತಿ ಇನ್ನೊಂದು ಊರಿಗೆ ಕಳಿಸಬೇಕಾದ್ರೆ ಅವನನ್ನ ಕೇಳೋದೇ ಇಲ್ವಾ? ಐಪಿಎಲ್‌ನಲ್ಲಿ ಟ್ರೇಡ್ ಅಂದ್ರೆ ಆಟಗಾರ ಒಪ್ಪಬೇಕು.

---

ಲೆಕ್ಕದ_ಮೇಷ್ಟ್ರು:

@ಬಸವನಗುಡಿ_ಬೌಲರ್ ಕೇಳೋದಿಲ್ಲ ಸ್ವಾಮಿ. ಒಪ್ಪಂದದಲ್ಲಿ "ನನ್ನನ್ನು ಕಳಿಸುವಂತಿಲ್ಲ" ಅಂತ ಬರೆಸಿಕೊಂಡಿದ್ದರೆ ಸರಿ. ಇಲ್ಲವೇ ಲೀಗಿನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಕಳೆದಿದ್ದರೆ ಬೇಡ ಅನ್ನೋ ಹಕ್ಕು ಬರುತ್ತೆ. ಮಿಕ್ಕವರಿಗೆ ಫೋನ್ ಬರುತ್ತೆ, ಪೆಟ್ಟಿಗೆ ಕಟ್ಟಬೇಕು. ಹೆಂಡತಿ ಮಕ್ಕಳು ಶಾಲೆ ಬಾಡಿಗೆ ಮನೆ ಎಲ್ಲಾ ಆಮೇಲೆ.

ಇನ್ನು ಏಸ್ ಯಾಕೆ ಪದೇ ಪದೇ ಹಿಂಗೆ ಮಾಡುತ್ತೆ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಹುಡುಗ ಮೇಜರ್ ಲೀಗಿಗೆ ಬಂದ ಮೇಲೆ ಸುಮಾರು ಆರು ವರ್ಷ ತಂಡದ ಹಿಡಿತದಲ್ಲಿ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್. ನಂತರದ ಮೂರು ವರ್ಷ ಪಂಚಾಯ್ತಿ. ಆಟಗಾರ ಒಂದು ಅಂಕಿ ಬರೀತಾನೆ, ತಂಡ ಒಂದು ಅಂಕಿ ಬರೆಯುತ್ತೆ, ಪಂಚರು ಎರಡರಲ್ಲಿ ಒಂದನ್ನ ಎತ್ತಿಕೊಳ್ತಾರೆ, ನಡುವಿನದು ಅಂತ ಇಲ್ಲ. ಆರು ವರ್ಷ ಮುಗಿದರೆ ಅವನು ಸ್ವತಂತ್ರ, ತಂಡಕ್ಕೆ ಹೆಚ್ಚೇನೂ ಸಿಗೋದಿಲ್ಲ. ಅದಕ್ಕೇ ಖರ್ಚು ಮಾಡಲು ಮನಸ್ಸಿಲ್ಲದ ಮಾಲೀಕ ನಾಲ್ಕನೇ, ಐದನೇ ವರ್ಷದಲ್ಲೇ ಮಾರಿ ನಾಲ್ಕು ಎಳೇ ಹುಡುಗರನ್ನ ತರ್ತಾನೆ. ಸಂಬಳಕ್ಕೆ ಗಟ್ಟಿ ಮಿತಿ ಇಲ್ಲದ ಲೀಗು ಇದು. ದುಡ್ಡಿದ್ದವನು ಹಣ್ಣು ಕೊಳ್ತಾನೆ, ಇಲ್ಲದವನು ಸಸಿ ನೆಡ್ತಾನೆ.

ಇದರಲ್ಲಿ ಬುದ್ಧಿಗೇಡಿತನ ಏನೂ ಇಲ್ಲ. ಮಲ್ಡರ್‌ನನ್ನ 2004ರಲ್ಲಿ ಕೊಟ್ಟಿದ್ದು ಸರಿಯಾದ ತೀರ್ಮಾನ. ಸೇಂಟ್ ಲೂಯಿಸ್‌ನಲ್ಲಿ ಒಂದು ವರ್ಷ ಚೆನ್ನಾಗಿ ಎಸೆದ, ಆಮೇಲೆ ಭುಜ ಹೋಯ್ತು. ನಮಗೆ ಸಿಕ್ಕ ಹೇರನ್ 2007ರ ಆಲ್ ಸ್ಟಾರ್ (ಲೀಗಿನ ಆಯ್ದ ಆಟಗಾರರ) ಪಂದ್ಯದಲ್ಲೇ ಶುರುವಿನ ಪಿಚರ್ ಆದ. ಇದಕ್ಕೂ ಅಳ್ತೀರಾ?

---

ರೈಟ್‌ಫೀಲ್ಡ್_ರಾಘು:

ಮೇಷ್ಟ್ರೇ, ಅರ್ಧ ಕಥೆಗೇ ನಿಲ್ಲಿಸಿದ್ರಿ. ಪೂರ್ತಿ ನಾನು ಹೇಳ್ತೀನಿ. ಚಿಕ್ಕೋರಿದ್ದಾಗ ಕೋತಿ ಕಥೆ ಕೇಳಿರ್ತೀರಲ್ಲ, ಬಾಲ ಹೋಯ್ತು ಕತ್ತಿ ಬಂತು?

ಮಲ್ಡರ್ ಹೋದ, ಹೇರನ್ ಬಂದ, ಡುಂ ಡುಂ ಡುಂ.
ಹೇರನ್ ಹೋದ, ಕಾರ್ಲೋಸ್ ಗೊನ್ಸಾಲೆಸ್ ಮತ್ತೆ ಐದು ಜನ ಬಂದ್ರು, ಡುಂ ಡುಂ ಡುಂ.
ಗೊನ್ಸಾಲೆಸ್ ಹೋದ, ಮ್ಯಾಟ್ ಹಾಲಿಡೇ ಬಂದ, ಡುಂ ಡುಂ ಡುಂ.
ಹಾಲಿಡೇ ಹೋದ, ಬ್ರೆಟ್ ವಾಲೇಸ್ ಬಂದ, ಡುಂ ಡುಂ ಡುಂ.
ವಾಲೇಸ್ ಹೋದ, ಮೈಕಲ್ ಟೇಲರ್ ಬಂದ, ಡುಂ ಡುಂ ಡುಂ.

ಎಲ್ಲಾ ಐದೇ ವರ್ಷದಲ್ಲಿ. ಗೊನ್ಸಾಲೆಸ್ ಕೊಲೊರಾಡೊಗೆ ಹೋಗಿ 2010ರಲ್ಲಿ .336 ಸರಾಸರಿ ಹೊಡೆದು ನ್ಯಾಷನಲ್ ಲೀಗಿಗೇ (ಮೇಜರ್ ಲೀಗಿನ ಎರಡು ಭಾಗದಲ್ಲಿ ಒಂದು, ಇನ್ನೊಂದು ಅಮೆರಿಕನ್ ಲೀಗ್) ಮೊದಲಿಗನಾದ. ಟೇಲರ್ ನೆನಪಿರೋರು ಇಲ್ಲಿ ಕೈ ಎತ್ತಿ ನೋಡೋಣ. ಕೋತಿ ಕೈಲಿ ಕೊನೆಗೆ ಡೋಲಾದ್ರೂ ಇತ್ತು.

---

ಸಿಯಾಟಲ್_ಸುಮಾ:

ಅಯ್ಯೋ ದೇವ್ರೇ, ಆಫೀಸ್ ಮೀಟಿಂಗಲ್ಲಿ ಓದ್ತಿದ್ದೆ, ಡುಂ ಡುಂಗೆ ಜೋರಾಗಿ ನಕ್ಕುಬಿಟ್ಟೆ 😂

---

ಲೆಕ್ಕದ_ಮೇಷ್ಟ್ರು:

ಒಪ್ಪಿದೆ. ಆ ಸರಪಳಿಗೆ ನನ್ನ ಹತ್ತಿರ ಉತ್ತರ ಇಲ್ಲ.

---

ಟೊರೊಂಟೊ_ತಿಮ್ಮ:

ಡೊನಾಲ್ಡ್‌ಸನ್‌ನ ಕೊಟ್ಟಿದ್ದಕ್ಕೆ ಇಡೀ ಟೊರೊಂಟೊ ಕನ್ನಡಿಗರ ಪರವಾಗಿ ಥ್ಯಾಂಕ್ಸ್ ಸಾರ್. ಮಾರನೇ ವರ್ಷವೇ, 2015ರಲ್ಲಿ, ಅಮೆರಿಕನ್ ಲೀಗ್ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದ. ಆ ಜೆರ್ಸಿ ಬೇಡ ಅಂದ್ರೆ ನಮ್ ಅಡ್ರೆಸ್ಸಿಗೆ ಕಳಿಸಿ... ಓ, ಅದು ಹಸಿರು ಹಳದಿ ಅಲ್ವಾ. ಬೇಡ ಬಿಡಿ.

---

ಚಾಮರಾಜಪೇಟೆ_ಟು_ಫ್ರೀಮಾಂಟ್:

@ಟೊರೊಂಟೊ_ತಿಮ್ಮ ಗಾಯಕ್ಕೆ ಉಪ್ಪು ಸವರೋಕೆ ಗಡಿ ದಾಟಿ ಬಂದ್ಯೇನಪ್ಪ.

@ಮೇಷ್ಟ್ರೇ, ಲೆಕ್ಕ ನನಗೂ ಗೊತ್ತು. ನಾನೂ ಸ್ಪ್ರೆಡ್‌ಶೀಟಲ್ಲೇ ಅನ್ನ ಹುಟ್ಟಿಸೋನು. 2002ರಲ್ಲಿ ದುಡ್ಡಿರೋ ನ್ಯೂಯಾರ್ಕ್ ಯಾಂಕೀಸ್ ಸಂಬಳದ ಮೂರನೇ ಒಂದು ಭಾಗದಲ್ಲಿ ತಂಡ ಕಟ್ಟಿ ನಮ್ಮ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಗೆದ್ದಾಗ ಎದೆ ಉಬ್ಬಿಸಿದ್ದೂ ನಾನೇ. ಸೆಪ್ಟೆಂಬರ್ 4ರ ರಾತ್ರಿ ಕ್ಯಾನ್ಸಸ್ ಸಿಟಿ ಮೇಲೆ 11-0 ಮುಂದಿದ್ದು, 11-11 ಆಗಿ, ಒಂಬತ್ತನೇ ಇನ್ನಿಂಗ್ಸಲ್ಲಿ ಹ್ಯಾಟ್‌ಬರ್ಗ್ ಎತ್ತಿ ಬಾರಿಸಿದಾಗ ಪಕ್ಕದಲ್ಲಿ ಕೂತಿದ್ದ ಪರಿಚಯವೇ ಇಲ್ಲದ ಅಜ್ಜನ್ನ ಎತ್ಕೊಂಡು ಕುಣಿದಿದೀನಿ. ಸತತ ಇಪ್ಪತ್ತು ಗೆಲುವು, ಇವತ್ತಿಗೂ ಅಮೆರಿಕನ್ ಲೀಗ್ ದಾಖಲೆ.

ನನ್ನ ತಕರಾರು ಏನು ಗೊತ್ತಾ, ಲೆಕ್ಕ ಮಾಡೋರು ಅಭಿಮಾನಿನ ಯಾವ ಕಾಲಮ್ಮಲ್ಲೂ ಬರ್ಕೊಳ್ಳಲ್ಲ. ಹುಡುಗ ಮೊದಲ ಸಲ ಬ್ಯಾಟ್ ಹಿಡ್ಕೊಂಡು ಬಂದಾಗ ನೋಡಿರ್ತೀವಿ, ಸೊನ್ನೆ ಸುತ್ತಿದಾಗ ಇರ್ಲಿ ಬಿಡು ಮಗ ಅಂದಿರ್ತೀವಿ. ಇನ್ನೇನು ಕೈ ಕುದುರ್ತು ಅನ್ನೋವಾಗ ಬೇರೆಯವರ ಮನೆ ಸೊಸೆ.

---

ಲೆಕ್ಕದ_ಮೇಷ್ಟ್ರು:

ಒಂದು ಸಣ್ಣ ತಿದ್ದುಪಡಿ. ಇಪ್ಪತ್ತು ಈಗ ಅಮೆರಿಕನ್ ಲೀಗ್ ದಾಖಲೆ ಅಲ್ಲ. 2017ರಲ್ಲಿ ಕ್ಲೀವ್‌ಲ್ಯಾಂಡ್ ಸತತ 22 ಗೆದ್ದಿದೆ.

---

ಚಾಮರಾಜಪೇಟೆ_ಟು_ಫ್ರೀಮಾಂಟ್:

ಅದನ್ನೂ ಕಿತ್ಕೊಂಡ್ರಾ. ಸರಿ.

---

ಧಾರವಾಡ_ಪೇಡೆ:

ಚಾಮರಾಜಪೇಟೆ ಸರ, ನಮಸ್ಕಾರ್ರೀ. ನಾ ಶಿಕಾಗೊದಾಗ ಅದೇನಿ, ಕಬ್ಸ್ ಕಡೆಯಂವ. ನಿಮ್ಮ ಅಡಿಸನ್ ರಸಲ್‌ನ್ನ 2014ರ ಜುಲೈದಾಗ ನಮಗ ಕೊಟ್ರಿ. 2016ರ ವರ್ಲ್ಡ್ ಸೀರೀಸ್ ಆರನೇ ಪಂದ್ಯದಾಗ ಅಂವ ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್ ಹೊಡದ. 1908ರಿಂದ ಕಾದ ಕಪ್ಪು ಬಂತು. ನಿಮಗ ಪುಣ್ಯ ಬರ್ತದ್ರೀ.

ಆದ್ರ ಒಂದು ಮಾತು. ನಾವೂ ಸುಮ್ಮನ ಗೆದ್ದಿಲ್ಲ. ಅದೇ ವರ್ಷ ಚಾಪ್‌ಮನ್ ಅನ್ನೋ ವೇಗದ ಪಿಚರ್ ಬೇಕಂತ (ನಿಮ್ಮ ಚಾಪ್‌ಮನ್ ಅಲ್ರೀ, ಅರೋಲ್ಡಿಸ್) ಗ್ಲೇಬರ್ ಟೋರೆಸ್‌ನ್ನ ಯಾಂಕೀಸ್‌ಗೆ ಕೊಟ್ಟೇವಿ. ಅವಾಗ ಟೋರೆಸ್ ಇನ್ನೂ ಹತ್ತೊಂಬತ್ತರ ಹುಡುಗ. ಚಾಪ್‌ಮನ್ ಮೂರು ತಿಂಗಳು ಆಡಿ ವಾಪಸ್ ಯಾಂಕೀಸ್‌ಗೇ ಹೋದ. ಯಾರರೇ ಅತ್ತಾರೇನು? ಕಪ್ಪು ಬಂದ ಮ್ಯಾಲೆ ಯಾರೂ ಅಳಂಗಿಲ್ಲ. ನಿಮ್ಮ ದುಃಖ ಟ್ರೇಡಿಂದಲ್ಲರೀ ಸರ, ಕಪ್ಪಿಂದು.

---

ರೈಟ್‌ಫೀಲ್ಡ್_ರಾಘು:

ಇದು ಪಾಯಿಂಟು 👆 2014ರಲ್ಲಿ ನಾವೂ ಅದನ್ನೇ ಮಾಡಿದ್ವಿ. ರಸಲ್ ಕೊಟ್ಟು ಸಮಾರ್ಜಾ, ಸೆಸ್ಪೆಡಿಸ್ ಕೊಟ್ಟು ಜಾನ್ ಲೆಸ್ಟರ್. ಎಲ್ಲಾ ಆ ಒಂದು ಕಪ್ಪಿಗೆ. ಕ್ಯಾನ್ಸಸ್ ಸಿಟೀಲಿ ವೈಲ್ಡ್ ಕಾರ್ಡ್ ಪಂದ್ಯ (ಸೋತ್ರೆ ಮನೆಗೆ), ಎಂಟನೇ ಇನ್ನಿಂಗ್ಸ್‌ಗೆ 7-3 ಮುಂದೆ, ಲೆಸ್ಟರ್ ಕೈಲಿ ಬಾಲ್. ಹನ್ನೆರಡನೇ ಇನ್ನಿಂಗ್ಸಲ್ಲಿ 9-8 ಸೋಲು. ಅವತ್ತು ರಾತ್ರಿ ಊಟ ಸೇರ್ಲಿಲ್ಲ.

---

ಸಿಯಾಟಲ್_ಸುಮಾ:

ನೀವೆಲ್ಲ ಕಪ್ಪು ಕಪ್ಪು ಅಂತಿದೀರಿ. ಸ್ವಲ್ಪ ನಮ್ಮ ಕಡೆ ನೋಡಿ. ಮೂವತ್ತು ತಂಡದಲ್ಲಿ ವರ್ಲ್ಡ್ ಸೀರೀಸ್ ಮೆಟ್ಟಿಲೇ ಹತ್ತದ ಒಂದೇ ತಂಡ ನಮ್ಮ ಮರಿನರ್ಸ್. 2025ರ ಅಕ್ಟೋಬರ್ 20ಕ್ಕೆ ಟೊರೊಂಟೊ ಮೇಲೆ ಸೆಮಿಫೈನಲ್ ಸರಣಿಯ ಏಳನೇ ಪಂದ್ಯ, ಏಳನೇ ಇನ್ನಿಂಗ್ಸ್ ತನಕ 3-1 ಮುಂದೆ. ಮನೇಲಿ ಹನ್ನೆರಡು ಜನ, ನಾನು ಬಿಸಿಬೇಳೆಬಾತ್ ಮಾಡಿಟ್ಟಿದ್ದೆ, ಗೆದ್ದ ಮೇಲೆ ಬಡಿಸೋದು ಅಂತ. ಅವರ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ. 4-3. ಬಾತು ಗಟ್ಟಿಯಾಗಿ ಪಾತ್ರೇಲೇ ಕೂತಿತ್ತು, ಚಮಚ ನೆಟ್ಟಗೆ ನಿಲ್ತಿತ್ತು. ನಮ್ಮ ಕ್ಯಾಲ್ ರಾಲಿ ಕ್ಯಾಚರ್ (ವಿಕೆಟ್ ಕೀಪರ್ ಇದ್ದ ಹಾಗೆ) ಆಗಿದ್ದುಕೊಂಡು ಸೀಸನ್ನಲ್ಲಿ 60 ಹೋಮ್ ರನ್ ಹೊಡೆದ ವರ್ಷ ಅದು!

ಟ್ರೇಡ್ ವಿಷಯ ಬಂತಲ್ಲ ಅಂತ ಒಂದು ಹೇಳ್ತೀನಿ. 2012ರ ಜುಲೈ 23. ಯಾಂಕೀಸ್ ಸಿಯಾಟಲ್‌ಗೆ ಆಡಕ್ಕೆ ಬಂದಿದ್ರು. ಅವತ್ತೇ ನಮ್ಮ ಕಣ್ಮಣಿ ಇಚಿರೋನ ಅವರಿಗೇ ಕೊಟ್ರು. ಆಯಪ್ಪ ಈ ಕಡೆ ರೂಮಿಂದ ಎದ್ದು ಆ ಕಡೆ ರೂಮಿಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬಂದ. ಮೊದಲ ಸಲ ಬ್ಯಾಟ್ ಹಿಡ್ಕೊಂಡು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಲ್ತು. ಹೆಲ್ಮೆಟ್ ತೆಗೆದು ಬಗ್ಗಿ ನಮಸ್ಕಾರ ಮಾಡಿದ. ಆ ಕಡೆಗೊಂದು, ಈ ಕಡೆಗೊಂದು. ಆಮೇಲೆ ಏನ್ ಮಾಡ್ದ ಅಂತೀರಾ? ಹೊಡೆದು ಓಡಿದ, ಎರಡನೇ ಬೇಸ್ ಕದ್ದ (ಯಾರೂ ಹೊಡೆಯದೇ ಇದ್ರೂ ಓಡಿ ಹಿಡಿದ). ನಮ್ಮ ಮೇಲೇ! ಕಣ್ಣಲ್ಲಿ ನೀರು ಹಾಕ್ಕೊಂಡು ಚಪ್ಪಾಳೆ ತಟ್ಟಿದೀವಿ. ನನ್ನ ಹತ್ರ ಇರೋ ಇಚಿರೋ ಜೆರ್ಸಿ ಅವತ್ತಿನಿಂದ ಒಂದು ದಿನಾನೂ ಹಳೇದು ಅನ್ನಿಸಿಲ್ಲ. 2025ರಲ್ಲಿ ಹಾಲ್ ಆಫ್ ಫೇಮ್‌ಗೂ ಹೋದ, 394ರಲ್ಲಿ 393 ಮತ. ಆ ಒಬ್ಬ ಯಾರು ಅಂತ ನನಗೆ ಗೊತ್ತಾಗ್ಬೇಕು.

---

ಎಲ್‌ಎ_ಗೌಡ:

ಎಲ್ರೂ ಸೇರಿ ಅಳೋ ಕೂಟ ಮಾಡ್ಕೊಂಡಿದೀರಲ್ಲ ಗುರು. ಡಾಡ್ಜರ್ಸ್‌ಗೆ ಬನ್ರಪ್ಪ. 2024, 2025 ಎರಡು ವರ್ಷ ಸತತ. ಒಹ್ತಾನಿ 2025ರ ಅಕ್ಟೋಬರ್ 17ಕ್ಕೆ ಏನ್ ಮಾಡ್ದ ನೋಡಿದ್ರಾ? ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದ, ಅದೇ ಪಂದ್ಯದಲ್ಲಿ ಪಿಚ್ ಮಾಡಿ ಹತ್ತು ಜನರನ್ನ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕಿಗೆ ಔಟ್) ಮಾಡ್ದ. ಕ್ರಿಕೆಟ್‌ನೋರಿಗೆ ಹೇಳೋದಾದ್ರೆ ಒಬ್ನೇ ಸೆಂಚುರಿ ಹೊಡೆದು ಎಂಟು ವಿಕೆಟ್ ತೆಗೆದ ಹಾಗೆ, ಅದೂ ಸೆಮಿಫೈನಲ್ಲಲ್ಲಿ.

---

ಸಿಯಾಟಲ್_ಸುಮಾ:

ಒಹ್ತಾನಿಗೆ ಕೊಟ್ಟ ಹಾಗೆ 700 ಮಿಲಿಯನ್ ಡಾಲರ್ ಕೊಟ್ರೆ ನಮ್ ಅಡುಗೆಯವ್ರೂ ಹೊಡೀತಾರೆ.

---

ಎಲ್‌ಎ_ಗೌಡ:

ಅಕ್ಕಾ, ಅದ್ರಲ್ಲಿ ಈಗ ವರ್ಷಕ್ಕೆ ಕೈಗೆ ಬರೋದು ಎರಡೇ ಮಿಲಿಯನ್. ಮಿಕ್ಕ 680 ಮಿಲಿಯನ್ 2034ರಿಂದ 2043ರ ತನಕ. ಸಾಲದ ಪುಸ್ತಕ.

---

ಧಾರವಾಡ_ಪೇಡೆ:

ಉದ್ರಿ ಅಂಗಡಿ ಇಟ್ಟಾರ ಅನ್ರಿ.

---

ಟೊರೊಂಟೊ_ತಿಮ್ಮ:

ಗೌಡ್ರೇ, 2025ರ ಕಪ್ಪು ಮಾತ್ರ ಎತ್ತಬೇಡಿ, ಇನ್ನೂ ಗಾಯ ಒಣಗಿಲ್ಲ. ಏಳನೇ ಪಂದ್ಯ, ಒಂಬತ್ತನೇ ಇನ್ನಿಂಗ್ಸ್, ಸ್ಕೋರ್ 4-4, ಮೂರೂ ಬೇಸಲ್ಲಿ ನಮ್ಮೋರು, ಒಂದೇ ಔಟ್. ನಮ್ಮ ವಾರ್ಶೊ ನೆಲಕ್ಕೆ ಹೊಡೆದ, ಅವರ ರೋಹಾಸ್ ಎಡವಿ ಬಿದ್ದೋನ ಹಾಗೆ ಹಿಡಿದು ಹೋಮ್‌ಗೆ (ರನ್ ಮುಗಿಯೋ ಬೇಸಿಗೆ) ಎಸೆದ. ನಮ್ಮ ಕೈನರ್-ಫಲೇಫಾ ಕೂದಲೆಳೆ ಅಂತರದಲ್ಲಿ ಔಟ್. ಮೂರನೇ ಬೇಸಿಂದ ಇನ್ನೊಂದು ಹೆಜ್ಜೆ, ಒಂದೇ ಹೆಜ್ಜೆ ಮುಂದೆ ನಿಂತಿದ್ದಿದ್ರೆ 1993ರ ನಂತರ ಮೊದಲ ಕಪ್ಪು. ನಾನು ಟಿವಿ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೋನು ಹಾಗೇ ಹಿಂದಕ್ಕೆ ಮಲಗಿಬಿಟ್ಟೆ. ಹನ್ನೊಂದನೇ ಇನ್ನಿಂಗ್ಸಲ್ಲಿ ಡಾಡ್ಜರ್ಸಿನ ವಿಲ್ ಸ್ಮಿತ್ ಹೋಮ್ ರನ್ ಹೊಡೆದಿದ್ದು ಮಲಗೇ ನೋಡಿದ್ದು.

---

ಚಾಮರಾಜಪೇಟೆ_ಟು_ಫ್ರೀಮಾಂಟ್:

@ಟೊರೊಂಟೊ_ತಿಮ್ಮ ಬಾ ತಮ್ಮ, ಈಗ ನೀನೂ ನಮ್ಮೋನೇ. ನಮಗೂ ಅಂಥದ್ದೊಂದು ಇದೆ. 2001ರ ಅಕ್ಟೋಬರ್ 13, ಯಾಂಕೀಸ್ ಮೇಲೆ ಮೊದಲ ಸುತ್ತಿನ ಮೂರನೇ ಪಂದ್ಯ, ಎರಡು ಆಗಲೇ ಗೆದ್ದಿದ್ವಿ. ಅವರ ಕ್ಯಾಚರ್ ಪೊಸಾಡಾ ಹೊಡೆದ ಒಂದೇ ಹೋಮ್ ರನ್ನಿಂದ ಅವರು 1-0 ಮುಂದೆ. ಏಳನೇ ಇನ್ನಿಂಗ್ಸ್, ನಮ್ಮ ಟೆರೆನ್ಸ್ ಲಾಂಗ್ ಬಲಗಡೆ ಮೂಲೆಗೆ ಹೊಡೆದ, ಜೆರೆಮಿ ಜಿಯಾಂಬಿ ಮೊದಲನೇ ಬೇಸಿಂದ ಓಡ್ಕೊಂಡು ಬರ್ತಿದಾನೆ. ಎಸೆದ ಬಾಲ್ ನಡುವೆ ಹಿಡಿಯೋರ ತಲೆ ಮೇಲೆ ಹೋಯ್ತು. ಅಲ್ಲಿರಬಾರದ ಜಾಗಕ್ಕೆ ಅವರ ಡೆರೆಕ್ ಜೀಟರ್ ಎಲ್ಲಿಂದಲೋ ಓಡಿ ಬಂದು, ಬಾಲ್ ಎತ್ತಿ ಪಕ್ಕಕ್ಕೆ ಪೊಸಾಡಾ ಕೈಗೆ ತಳ್ಳಿಬಿಟ್ಟ. ಜಿಯಾಂಬಿ ನಿಂತ್ಕೊಂಡೇ ಬಂದ, ನೆಲಕ್ಕೆ ಬಿದ್ದು ಬೇಸಿಗೆ ಜಾರಲೇ ಇಲ್ಲ. ಔಟ್. ಆ ಪಂದ್ಯ ಹೋಯ್ತು, ಸರಣಿನೂ ಹೋಯ್ತು.

2000, 2001, 2002, 2003. ನಾಲ್ಕು ವರ್ಷ ಮೊದಲ ಸುತ್ತಲ್ಲೇ, ನಾಲ್ಕೂ ಸಲ ಐದನೇ ಪಂದ್ಯದಲ್ಲೇ ಸೋಲು.

---

ಕುಡ್ಲದ_ಜೈಂಟ್:

ಜಾರಿದ್ರೂ ಔಟೇ ಆಗ್ತಿದ್ದ. ವಿಡಿಯೊ ನಿಧಾನ ಮಾಡಿ ನೋಡಿ.

---

ರೈಟ್‌ಫೀಲ್ಡ್_ರಾಘು:

ಸಾವಿರ ಸಲ ನೋಡಿದೀನಿ. ಜಾರಿದ್ರೆ ಸೇಫ್. ಇದರ ಮೇಲೆ ಚರ್ಚೆ ಇಲ್ಲ.

---

ಕುಡ್ಲದ_ಜೈಂಟ್:

ಪೊಸಾಡಾ ಕಾಲಿಗೆ ಮುಟ್ಟಿಸಿದ್ದು ಮಾರಾಯ, ಜಾರುವಾಗ ಆ ಕಾಲು ಇನ್ನೂ ಮುಂಚೆ ಸಿಗ್ತಿತ್ತು.

---

ರೈಟ್‌ಫೀಲ್ಡ್_ರಾಘು:

ಜಾರಿದ್ರೆ. ಸೇಫ್.

---

ನಿರ್ವಾಹಕ:

2001ರ ಔಟಿನ ಬಗ್ಗೆ ಜಗಳ ಬೇಡ. ಮತ್ತೆ, ಮೇಲೆ ನಕಲಿ ಜೆರ್ಸಿ ಮಾರುವ ಜಾಹೀರಾತು ಹಾಕಿದ್ದವರ ಪೋಸ್ಟ್ ತೆಗೆದಿದ್ದೇನೆ.

---

ಬಸವನಗುಡಿ_ಬೌಲರ್:

ನಿಮ್ ಜಗಳ ನೋಡಿ ಎರಡು ಪಂದ್ಯ ಹುಡುಕಿ ನೋಡ್ದೆ. ಮೂರು ಗಂಟೆ ಕೂರ್ಬೇಕು ಅಂತ ಹೆದರಿದ್ದೆ, ಎರಡೂವರೆಗೆ ಮುಗೀತು?

---

ಲೆಕ್ಕದ_ಮೇಷ್ಟ್ರು:

ಅದು ಪಿಚ್ ಗಡಿಯಾರದ ಮಹಿಮೆ. 2023ರಲ್ಲಿ ಬಂತು. ಬೇಸ್ ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೀಬೇಕು. ಓಟಗಾರ ಇದ್ದರೆ ಮೊದಲು 20 ಇತ್ತು, ಈಗ 18. 2022ರಲ್ಲಿ ಒಂದು ಪಂದ್ಯ ಸರಾಸರಿ 3 ಗಂಟೆ 4 ನಿಮಿಷ, 2023ರಲ್ಲಿ 2 ಗಂಟೆ 40.

---

ಚಾಮರಾಜಪೇಟೆ_ಟು_ಫ್ರೀಮಾಂಟ್:

ಗಡಿಯಾರ ಅಂದ್ರೆ ನನಗೆ ಮೊದಲು ಮೈ ಉರೀತಿತ್ತು. ಗಡಿಯಾರ ಇಲ್ಲದ ಆಟ ಅಂತಲೇ ಇದನ್ನ ಇಷ್ಟಪಟ್ಟೋನು ನಾನು. ಟೆಸ್ಟ್ ಕ್ರಿಕೆಟ್ ನೋಡಿ ಬೆಳೆದೋನಿಗೆ ಪಿಚರ್ ಕ್ಯಾಪ್ ಸರಿ ಮಾಡ್ಕೊಳ್ಳೋದು, ಮಣ್ಣು ಕೆದಕೋದು, ಬ್ಯಾಟರ್ ಗ್ಲೌಸ್ ಬಿಚ್ಚಿ ಕಟ್ಟೋದು, ಅದೆಲ್ಲಾ ಆಟವೇ. ನಾನು ಪೆನ್ಸಿಲ್ ಹಿಡ್ಕೊಂಡು ಸ್ಕೋರ್ ಕಾರ್ಡ್ ಬರೆಯೋ ಹಳೇ ಕಾಲದೋನು. ಬ್ಯಾಟ್ ಬೀಸದೇ ಸ್ಟ್ರೈಕ್ ಔಟ್ ಆದ್ರೆ ಕೆ ಅಕ್ಷರ ತಿರುಗಿಸಿ ಬರೀಬೇಕು, ಮಗಳಿಗೆ ಅದೊಂದೇ ಕೆಲಸ ಕೊಟ್ಟಿರ್ತೀನಿ. ಮೊದಲ ವರ್ಷ ಪೆನ್ಸಿಲ್ ಚೂಪು ಮಾಡೋಷ್ಟರಲ್ಲಿ ಎರಡು ಪಿಚ್ ಹೋಗಿರ್ತಿತ್ತು.

ಆದ್ರೆ ಮಗಳು ಈಗ ಒಂಬತ್ತೂ ಇನ್ನಿಂಗ್ಸ್ ಎಚ್ಚರ ಇರ್ತಾಳೆ. ಅಣ್ಣನ ಮಗ ಹಿಂದೆ ಆರನೇದಕ್ಕೇ ನನ್ನ ತೊಡೆ ಮೇಲೆ ನಿದ್ದೆ. ಹಾಗಾಗಿ ಬಾಯಿ ಮುಚ್ಕೊಂಡಿದೀನಿ. ಹತ್ತನೇ ಇನ್ನಿಂಗ್ಸಲ್ಲಿ ಎರಡನೇ ಬೇಸ್ ಮೇಲೆ ಪುಕ್ಕಟೆ ಒಬ್ಬನ್ನ ನಿಲ್ಲಿಸ್ತಾರಲ್ಲ, ಆ ದೆವ್ವವನ್ನ ಮಾತ್ರ ನಾನು ಜನ್ಮದಲ್ಲಿ ಒಪ್ಪಲ್ಲ.

---

ಎಲ್‌ಎ_ಗೌಡ:

2026ರ ಸೀಸನ್ನಿಂದ ಎಸೆದಿದ್ದು ಸ್ಟ್ರೈಕಾ (ಸರಿಯಾದ ಜಾಗಕ್ಕೆ) ಬಾಲಾ (ಜಾಗ ಬಿಟ್ಟು ಆಚೆ) ಅಂತ ಯಂತ್ರಕ್ಕೆ ಅಪೀಲ್ ಬೇರೆ. ತಂಡಕ್ಕೆ ಎರಡು. ಬ್ಯಾಟರ್, ಪಿಚರ್, ಕ್ಯಾಚರ್ ತಲೆ ತಟ್ಕೊಂಡ್ರೆ ಸಾಕು.

---

ಸಿಯಾಟಲ್_ಸುಮಾ:

ನಾನಂತೂ ಇದಕ್ಕೆ ಜೈ. 2010ರಲ್ಲಿ ಗಲರ್ರಾಗ ಅನ್ನೋ ಪಿಚರ್ ಪರ್ಫೆಕ್ಟ್ ಗೇಮ್ (ಒಬ್ಬನನ್ನೂ ಬೇಸಿಗೆ ಬಿಡದ ಪಂದ್ಯ) ಇನ್ನೇನು ಮುಗಿಸ್ತಾನೆ, 27ನೇ ಬ್ಯಾಟರ್, ಮೊದಲನೇ ಬೇಸಲ್ಲಿ ಅಂಪೈರ್ ತಪ್ಪಾಗಿ ಸೇಫ್ ಕೊಟ್ಟ. ಪಾಪ ಅಂಪೈರ್ ಅತ್ಕೊಂಡು ತಪ್ಪೊಪ್ಪಿಕೊಂಡ. ಆದ್ರೆ ಪುಸ್ತಕದಲ್ಲಿ ಬರೀಲೇ ಇಲ್ಲ ಅದನ್ನ.

---

ಲೆಕ್ಕದ_ಮೇಷ್ಟ್ರು:

ಅದು ಬೇಸಿನ ತೀರ್ಪು ಅಕ್ಕ, ಯಂತ್ರ ನೋಡೋದು ಸ್ಟ್ರೈಕ್ ಬಾಲ್ ಮಾತ್ರ. ಬೇಸಿಗೆ ವಿಡಿಯೊ ಮರುಪರಿಶೀಲನೆ ಆಮೇಲೆ ಬೇರೆಯಾಗಿ ಬಂತು.

---

ಸಿಯಾಟಲ್_ಸುಮಾ:

ಮೇಷ್ಟ್ರು ಕ್ಲಾಸಲ್ಲಿ ಬೆಂಚ್ ಮೇಲೆ ನಿಲ್ಲಿಸ್ತಿದ್ರಾ ಮಕ್ಕಳನ್ನ? 🙄

---

ರೈಟ್‌ಫೀಲ್ಡ್_ರಾಘು:

ಪರ್ಫೆಕ್ಟ್ ಗೇಮ್ ಅಂದ್ರಿ, ಒಂದು ಹೇಳ್ಲೇಬೇಕು. ಗೊತ್ತಿಲ್ಲದೋರಿಗೆ: 27 ಜನ ಬರ್ತಾರೆ, 27 ಜನನೂ ಒಂದನೇ ಬೇಸೂ ಮುಟ್ಟದೇ ಹೋಗ್ತಾರೆ. ನೂರೈವತ್ತು ವರ್ಷದಲ್ಲಿ 24 ಸಲ ಆಗಿದೆ. ಅದ್ರಲ್ಲಿ ಮೂರು ಓಕ್ಲಂಡಿನ ಆ ಹಾಳು ಕಾಂಕ್ರೀಟ್ ಬಟ್ಟಲಲ್ಲಿ. 1968ರಲ್ಲಿ ಕ್ಯಾಟ್‌ಫಿಶ್ ಹಂಟರ್, 2010ರಲ್ಲಿ ಡಾಲಸ್ ಬ್ರೇಡನ್, 2023ರಲ್ಲಿ ನಮ್ಮ ಮೇಲೇ ಯಾಂಕೀಸಿನ ಹೆರ್ಮನ್.

ಬ್ರೇಡನ್‌ದು ಮೇ 9, ಅಮ್ಮಂದಿರ ದಿನ. ಅವನಮ್ಮ ಅವನು ಹೈಸ್ಕೂಲಲ್ಲಿದ್ದಾಗಲೇ ಕ್ಯಾನ್ಸರಿಗೆ ಹೋಗಿದ್ರು, ಸಾಕಿದ್ದು ಅಜ್ಜಿ. ಅಜ್ಜಿ ಅವತ್ತು ಸ್ಟೇಡಿಯಂನಲ್ಲಿದ್ರು. ಮುಗಿದ ಮೇಲೆ ಮೈದಾನಕ್ಕೇ ಬಂದ್ರು, ಹುಡುಗ ತಬ್ಕೊಂಡು ಬಿಡಲೇ ಇಲ್ಲ. ನಾನು ಅವತ್ತು ಟಿಕೆಟ್ ಇಟ್ಕೊಂಡು ಸ್ನೇಹಿತನ ಮನೆ ಶಿಫ್ಟಿಂಗ್‌ಗೆ ಹೋಗಿದ್ದೆ. ಫ್ರಿಜ್ ಹೊತ್ಕೊಂಡು ಮೆಟ್ಟಿಲಿಳೀತಾ ರೇಡಿಯೊದಲ್ಲಿ ಕೇಳಿದ್ದು. ಆ ಸ್ನೇಹಿತನ ಜೊತೆ ಈಗ ಮಾತು ಕಮ್ಮಿ.

---

ಬಸವನಗುಡಿ_ಬೌಲರ್:

ಕುಂಬ್ಳೆ ಕೋಟ್ಲಾದಲ್ಲಿ ಹತ್ತು ವಿಕೆಟ್ ತೆಗೆದಾಗ ನಮ್ಮಪ್ಪ ಕ್ಷೌರದಂಗಡಿ ಕುರ್ಚೀಲಿದ್ರು. ಅಂಗಡಿಯವನು ಅರ್ಧ ಗಡ್ಡಕ್ಕೆ ನಿಲ್ಲಿಸಿ ಟಿವಿ ನೋಡ್ತಾ ನಿಂತ. ಕೊನೇ ವಿಕೆಟ್ ಬೀಳೋ ತನಕ ಇನ್ನರ್ಧ ಸೋಪಲ್ಲೇ.

---

ಧಾರವಾಡ_ಪೇಡೆ:

ವಾಪಸ್ ವಿಷಯಕ್ಕ ಬರ್ರಿ. ಹುಡುಗಿ ಜೆರ್ಸಿ ಏನಾತು? ನನ್ನ ಮಾತು ಕೇಳ್ರಿ, ಲಾರೆನ್ಸ್ ಬಟ್ಲರ್ ಹಾಕಸ್ರಿ. ಏಳು ವರ್ಷದ ಒಪ್ಪಂದ ಬರಕೊಂಡಾನ.

---

ಲೆಕ್ಕದ_ಮೇಷ್ಟ್ರು:

ಒಪ್ಪಂದ ದೊಡ್ಡದಿದ್ದರೆ ಆಟಗಾರ ಉಳಿಯುತ್ತಾನೆ ಅಂತೇನೂ ಇಲ್ಲ. ಡೆವರ್ಸ್ ಬಾಸ್ಟನ್ನಿನಲ್ಲಿ ಹತ್ತು ವರ್ಷದ ಒಪ್ಪಂದದಲ್ಲಿದ್ದ. 2025ರ ಜೂನ್ 15ಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದರು.

---

ಕುಡ್ಲದ_ಜೈಂಟ್:

ಹಾಂ, ಅದಕ್ಕೆ ನಾವು ದೂರು ಹೇಳುದಿಲ್ಲ 😌

---

ಚಾಮರಾಜಪೇಟೆ_ಟು_ಫ್ರೀಮಾಂಟ್:

ಎಲ್ಲರಿಗೂ ಥ್ಯಾಂಕ್ಸ್. ಅಳೋಕೆ ಬಂದೋನು ನಕ್ಕಿದ್ದೇ ಜಾಸ್ತಿ.

ಒಂದು ವಿಷಯ ಹೇಳಿರ್ಲಿಲ್ಲ. ಕೊನೇ ಪಂದ್ಯ ಮುಗಿದ ಮೇಲೆ ಜನ ಯಾರೂ ಎದ್ದೇಳ್ತಿರ್ಲಿಲ್ಲ. 46,889 ಜನ. ಮ್ಯಾನೇಜರ್ ಕೋಟ್ಸೇ ಮೈಕ್ ಹಿಡಿದು ಮಾತಾಡಿದ, ಎಲ್ಲರ ಕೈಲೂ ಕೊನೇ ಸಲ ಊರಿನ ಹೆಸರು ಕೂಗಿಸಿದ. ಬೇಲಿ ಹತ್ರ ಹೋಗಿ ಮೈದಾನದ ಕೆಲಸದವರ ಹತ್ರ ಮಣ್ಣು ಕೇಳ್ದೆ. ಕಾಫಿ ಲೋಟದಲ್ಲಿ ಒಂದು ಹಿಡಿ ಹಾಕಿ ಕೊಟ್ರು. ಮನೇಲಿ ಖಾಲಿ ಇದ್ದ ಕುಂಕುಮದ ಭರಣಿಗೆ ತುಂಬಿ ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಒಂದೂವರೆ ತಿಂಗಳು ಇತ್ತು. ಉತ್ಥಾನ ದ್ವಾದಶಿ ಹಿಂದಿನ ದಿನ ಮನೆಯವಳು ಮಂತ್ರಾಲಯದ ಮೃತ್ತಿಕೆ ಅನ್ಕೊಂಡು ತುಳಸಿ ಕುಂಡಕ್ಕೆ ಹಾಕಿಬಿಟ್ಟಿದ್ಲು. ನಾನು ಕೂಗಾಡ್ದೆ, ಅವಳೂ ಕೂಗಾಡಿದ್ಲು, ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು. ಈಗ ದಿನಾ ಬೆಳಗ್ಗೆ ಮನೆಯವಳು ಕೋಲಿಸಿಯಂಗೆ ಪ್ರದಕ್ಷಿಣೆ ಹಾಕ್ತಾಳೆ.

ಜೆರ್ಸಿ ವಿಷಯ. ನಿನ್ನೆ ಮಗಳ ಮುಂದೆ ಕರ್ಟ್ಸ್, ಬಟ್ಲರ್, ಜೇಕಬ್ ವಿಲ್ಸನ್ ಮೂರೂ ಹೆಸರಿಟ್ಟೆ. ಮೂರೂ ಬೇಡ ಅಂದ್ಲು. ಅವಳಿಗೆ ಬೇಕಾಗಿರೋದು 24ನೇ ನಂಬರ್, ರಿಕಿ ಹೆಂಡರ್ಸನ್. ಓಕ್ಲಂಡಲ್ಲೇ ಬೆಳೆದ ಹುಡುಗ, 1,406 ಬೇಸ್ ಕದ್ದೋನು, 2024ರ ಡಿಸೆಂಬರಲ್ಲಿ ತೀರ್ಕೊಂಡ. "ಅವನನ್ನ ಯಾರೂ ಟ್ರೇಡ್ ಮಾಡಕ್ಕಾಗಲ್ಲ ಅಲ್ವಾ ಅಪ್ಪಾ?" ಅಂದ್ಲು. ಆರ್ಡರ್ ಮಾಡ್ಬಿಟ್ಟೆ.

---

ಲೆಕ್ಕದ_ಮೇಷ್ಟ್ರು:

ಬೇಸರ ಮಾಡ್ಕೋಬೇಡಿ. ಓಕ್ಲಂಡ್ ಅವನನ್ನ ಎರಡು ಸಲ ಟ್ರೇಡ್ ಮಾಡಿದೆ. 1984ರ ಡಿಸೆಂಬರಿನಲ್ಲಿ ಯಾಂಕೀಸ್‌ಗೆ, 1993ರ ಜುಲೈ 31ಕ್ಕೆ ಟೊರೊಂಟೊಗೆ.

---

ಟೊರೊಂಟೊ_ತಿಮ್ಮ:

ಅದೇ ವರ್ಷ ಕಪ್ಪು ಗೆದ್ವಿ. ಮತ್ತೊಮ್ಮೆ ಥ್ಯಾಂಕ್ಸ್ ಸಾರ್ 🙏

---

ರೈಟ್‌ಫೀಲ್ಡ್_ರಾಘು:

ಡುಂ ಡುಂ ಡುಂ.

---

ಚಾಮರಾಜಪೇಟೆ_ಟು_ಫ್ರೀಮಾಂಟ್:

ಮೇಷ್ಟ್ರೇ, ಅವನು ಎರಡು ಸಲನೂ ವಾಪಸ್ ಬಂದ. ಅದನ್ನೂ ಬರೀರಿ.

---

ಸಿಯಾಟಲ್_ಸುಮಾ:

ಸೈಜ್ ಒಂದು ದೊಡ್ಡದೇ ತಗೊಂಡ್ರಿ ತಾನೇ? ಹದಿಮೂರಕ್ಕೆ ಮಕ್ಕಳು ದಿಢೀರ್ ಅಂತ ಉದ್ದ ಆಗ್ತಾರೆ.